ನಾಲ್ಕನೇ ಮಹಡಿಯ ಬುಟ್ಟಿ

ನವಾಲ್,

ಬೀಗದ ಕೈ ಹುಡುಕಬೇಡ, ನೀನು ಬಚ್ಚಿಟ್ಟಿದ್ದ ಅಕ್ಕಿ ಡಬ್ಬದಿಂದ ನಾನೇ ತೆಗೆದೆ. ಒಲೆ ಮೇಲೆ ಫೂಲ್ ಕಾಳು ಬೇಯುತ್ತಿದೆ, ತಳ ಹಿಡಿಸಬೇಡ.

ಹೃದಯದ ಆಪರೇಷನ್ ಆದಾಗ ಡಾಕ್ಟರು ಮೂರು ತಿಂಗಳು ಮೆಟ್ಟಿಲು ಬೇಡ ಅಂದಿದ್ದರು. ನೀನು ಅದನ್ನು ಆರು ವರ್ಷಕ್ಕೆ ಎಳೆದೆ. ತಪಾಸಣೆಗೆ ಹೋದದ್ದು ಬಿಟ್ಟರೆ ನಾನು ಹೊಸಿಲು ದಾಟಿಲ್ಲ. ರೊಟ್ಟಿ, ಪೇಪರು, ಸೊಪ್ಪು ಎಲ್ಲ ಬಾಲ್ಕನಿಯಿಂದ ಇಳಿಬಿಟ್ಟ ಬುಟ್ಟಿಯಲ್ಲೇ ಬಂದವು. ಶುಬ್ರಾ ಬಡಾವಣೆಯ ಈ ಬೀದಿಗೆ ನಾನೆಂದರೆ ಹಗ್ಗ ಹಿಡಿದ ಎರಡು ಕೈ.

ನಿನ್ನೆ ರೊಟ್ಟಿಯವನು, "ಹಾಜಿ, ನಾಳೆ ಬುಟ್ಟೀಲಿ ನೀವೇ ಕೂತ್ಕೊಂಡು ಬಂದ್ಬಿಡಿ!" ಅಂದ. ನೀನೂ ನಕ್ಕೆಯಲ್ಲ!

ಎದುರಿನ ಕಾಫಿ ಅಂಗಡಿಯಲ್ಲಿರುತ್ತೇನೆ. ಮೇಲಿಂದ ಕೂಗಿ ಮಾನ ಕಳೆಯಬೇಡ. ವಾಪಸ್ ಹತ್ತುವುದಕ್ಕೆ ನನಗೂ ಭಯವೇ.

ಹನ್ನೊಂದರ ಮಾತ್ರೆ ಬುಟ್ಟಿಯಲ್ಲಿ ಇಳಿಸು. ಇವತ್ತು ಕೆಳಗೆ ನಿಂತು ಕೈ ಚಾಚುವವನು ನಾನು.

ನಿನ್ನ ಗಂಡ, ಶೌಕಿ