ಬೆನ್ನುನೋವಿಗೆ ‘ಇಲ್ಲ’ ಅಂತ ಒತ್ತಿದ್ದು

ರೀ,

ಬಸ್ ಡಿಪೋಗೆ ಕೆಲಸಕ್ಕೆ ಹೊರಟೆ. ರಾತ್ರಿಯೆಲ್ಲ ಹೊರಳಾಡಿದ್ದೀರಿ, ಎಬ್ಬಿಸೋಕೆ ಮನಸ್ಸು ಬರಲಿಲ್ಲ.

ನಿಮ್ಮ ಪ್ರಾಸ್ಟೇಟ್ ಕ್ಯಾನ್ಸರ್ ಮೇಲೆ ಕಣ್ಣಿಡೋಕೆ ಅಂತ ಆಸ್ಪತ್ರೆಯವರು ಫೋನಿಗೆ ಹಾಕಿಕೊಟ್ಟ ಆಪ್‌ನಲ್ಲಿ ದಿನಾ ‘ಹೊಸ ನೋವು ಇಲ್ಲ’ ಅಂತ ಒತ್ತುತ್ತಿದ್ದೀರಲ್ಲ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ! ಚಪ್ಪಲಿ ಮೆಟ್ಟೋಕೂ ಗೋಡೆ ಹಿಡಿಯೋದು ನನಗೆ ಕಾಣಲ್ವಾ?

ಇವತ್ತು ನಾನೇ ‘ಬೆನ್ನುನೋವು ಇದೆ’ ಅಂತ ಒತ್ತಿದೆ. ತಕ್ಷಣ ನರ್ಸಮ್ಮ ಫೋನ್ ಮಾಡಿದ್ರು. “ಈ ಕಾಯಿಲೆ ಬೆನ್ನುಮೂಳೆಗೂ ಹರಡಬಹುದು, ಹತ್ತಕ್ಕೆ ಅವರ ಹತ್ರಾನೇ ಮಾತಾಡ್ತೀನಿ. ಕಾಲು ಜೋಮು ಹಿಡಿದ್ರೆ ಮಾತ್ರ ಕಾಯಬೇಡಿ, ನೇರ ಕರ್ಕೊಂಡು ಬನ್ನಿ” ಅಂದ್ರು.

ಫೋನ್ ಚಾರ್ಜಿಗೆ ಹಾಕಿದ್ದೀನಿ, ತಲೆದಿಂಬಿನ ಪಕ್ಕದಲ್ಲೇ ಇದೆ. ಕಾಲು ಜೋಮು ಅನ್ನಿಸಿದ್ರೆ ತಕ್ಷಣ ನನಗೆ ಮಾಡಿ. ನೀರಿನ ಬಕೆಟ್ ಎತ್ತಬೇಡಿ.

ಕೇಳದೆ ಒತ್ತಿದೆ ಅಂತ ಸಿಟ್ಟು ಬಂದ್ರೆ ಸಂಜೆ ಬಯ್ಯಿರಿ, ಕೇಳಿಸ್ಕೋತೀನಿ. ಹತ್ತಕ್ಕೆ ಮಾತ್ರ ನಿಜ ಹೇಳಿ. ನನಗೂ ಭಯ ಆಗ್ತಿದೆ ಕಣ್ರೀ.

ಹನ್ನೊಂದಕ್ಕೆ ರಜೆ ಕೇಳಿ ಬರ್ತೀನಿ. ನರ್ಸಮ್ಮ ಆಸ್ಪತ್ರೆಗೆ ಬರೋಕೆ ಹೇಳಿದ್ರೆ ಇಬ್ರೂ ಹೋಗೋಣ.