ಕಸ್ತೂರಿಯ ಕುಸ್ತಿಗೆ ಕಟ್ಟಿದ ಯಂತ್ರ

ಬೆಟಗೇರಿ, ಗಾಳಿಕಂಬದ ಓಣಿ
ಶ್ರಾವಣದ ನಲವತ್ತೊಂದನೆಯ ದಿನ, ಗಾಳಿಶಕೆ ಐವತ್ತೆಂಟು

ಹಿಂದಿನ ಕಾಲದ ಹಿರಿಯರಿಗೆ, ಮಂದಾಕಿನಿ ತಳವಾರ ಮಾಡುವ ನಮಸ್ಕಾರಗಳು.

ಶ್ರಾವಣಕ್ಕೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮಲ್ಲಿ ಮಳೆ ಬರುವ ತನಕ ಶ್ರಾವಣ ಮುಗಿಯುವುದಿಲ್ಲ, ಅದಕ್ಕೇ ತಿಂಗಳು ಹಿಗ್ಗುತ್ತದೆ. ಗಾಳಿಶಕೆ ಎಂದರೆ ಕಪ್ಪತಗುಡ್ಡದ ದೊಡ್ಡ ಗಾಳಿಕಂಬಗಳು ತಿರುಗಲು ಶುರುವಾದ ವರ್ಷದಿಂದ ಹಿಡಿದ ಲೆಕ್ಕ. ನಿಮ್ಮ ಕ್ಯಾಲೆಂಡರಿನಲ್ಲಿ ಇದು ಎಲ್ಲಿ ಬೀಳುತ್ತದೋ ನಾನು ಹೇಳಲಾರೆ, ಆದರೆ ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ನಮ್ಮ ಅಜ್ಜ ಅಜ್ಜಿಯರು. ನನ್ನ ಮಾತುಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಕ್ಷಮಿಸಬೇಕು. ನಾನು ಬರೆಯುವವಳಲ್ಲ. ಗಾಳಿಕಂಬ ಹತ್ತಿ ರಿಪೇರಿ ಮಾಡುವವಳು. ನೀವು ಈ ಹೊತ್ತು ಅಂಗಡಿಯ ಮುಂದೆ ನಿಂತು, ಆಟ ಆಡಲು ಕಂಪ್ಯೂಟರ್ ಕಟ್ಟಿಸಬೇಕು, ಯಾವ ಕಾರ್ಡ್ ಹಾಕಿಸಲಿ, ಯಾವ ಬೋರ್ಡ್ ಕೊಳ್ಳಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದರೆ ಈ ಕಾಗದ ನಿಮಗೇ.

ನಮ್ಮ ಕಾಲದಲ್ಲಿ ಯಾರ ಮನೆಯಲ್ಲೂ ಕಂಪ್ಯೂಟರ್ ಇಲ್ಲ. ಇರುವುದು ಪರದೆ ಮಾತ್ರ. ಅದು ಪರದೆ ಮಂಡಳಿಯದು, ನಮಗೆ ಬಾಡಿಗೆಗೆ. ಯೋಚನೆಯೆಲ್ಲ ನಡೆಯುವುದು ದೂರದ ಒಂದು ಕಟ್ಟಡದಲ್ಲಿ, ಅದಕ್ಕೆ ನಾವು ಮೇಲಟ್ಟ ಅನ್ನುತ್ತೇವೆ. ನಾವು ಗುಂಡಿ ಒತ್ತಿದರೆ ಸುದ್ದಿ ಮೇಲಟ್ಟಕ್ಕೆ ಹೋಗಿ, ಅಲ್ಲಿಂದ ಚಿತ್ರ ತಿರುಗಿ ಬರಬೇಕು. ಈ ಹೋಗಿಬರುವ ಹೊತ್ತನ್ನು ತಡೆ ಎನ್ನುತ್ತಾರೆ. ಎಲ್ಲರಿಗೂ ಒಂದೇ ತಡೆ ಇಲ್ಲ. ಗುಡ್ಡದ ಮೇಲಿನ ತಂಪುಬಡಾವಣೆಯವರು ಮೊದಲ ದರ್ಜೆ, ಅವರ ಚಿತ್ರ ಕಣ್ಣು ಮಿಟುಕಿಸುವ ಮೊದಲೇ ಬರುತ್ತದೆ. ನಮ್ಮ ಓಣಿ ನಾಲ್ಕನೆಯ ದರ್ಜೆ. ಮಧ್ಯಾಹ್ನ ಬಿಸಿಲಿಗೆ ಊರೆಲ್ಲ ಕದ ಮುಚ್ಚಿ ಮಲಗಿದಾಗ ಮಾತ್ರ ನಮ್ಮ ಪರದೆ ಸ್ವಲ್ಪ ಚುರುಕಾಗುತ್ತಿತ್ತು. ಸ್ವಂತವಾಗಿ ಲೆಕ್ಕ ಮಾಡುವ ಪೂರ್ಣಯಂತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಕಾಯ್ದೆಯಲ್ಲಿರುವ ಮಾತೇ ಅದು, ಪೂರ್ಣಯಂತ್ರ.

ನನ್ನ ತಂಗಿ ಕಸ್ತೂರಿ ನನಗಿಂತ ಚುರುಕಾದ ಕಂಬದವಳಾಗಿದ್ದಳು. ಒಮ್ಮೆ ಸುಂಟರಗಾಳಿಗೆ ಹಗ್ಗ ಬಿಚ್ಚಿ ಬಿದ್ದಳು. ಪ್ರಾಣ ಉಳಿಯಿತು, ಕಾಲು ಉಳಿಯಲಿಲ್ಲ. ಆಮೇಲೆ ಅವಳಿಗೆ ಜಗತ್ತು ಎಂದರೆ ಗರಡಿ ಎಂಬ ಆಟ. ಹಿಂದೆ ಯಾವಾಗಲೋ ನಮ್ಮ ಕಡೆಯ ಹುಡುಗ ಹುಡುಗಿಯರು ಸೇರಿ ಮಾಡಿ ಊರಿಗೆ ಬಿಟ್ಟುಕೊಟ್ಟಿದ್ದ ಕುಸ್ತಿಯ ಆಟ ಅದು. ಮಂಡಳಿ ಅದನ್ನೂ ಮೇಲಟ್ಟಕ್ಕೆ ಏರಿಸಿಕೊಂಡಿತ್ತು. ಇಬ್ಬರು ಪೈಲ್ವಾನರು ಎದುರುಬದುರು ನಿಲ್ಲುತ್ತಾರೆ, ಒಬ್ಬ ಕೈ ಚಾಚಿದ ಕ್ಷಣಕ್ಕೆ ಇನ್ನೊಬ್ಬ ಪಟ್ಟು ಹಾಕಬೇಕು. ಓಣಿಯಲ್ಲಿ ಅವಳನ್ನು ಸೋಲಿಸುವವರು ಯಾರೂ ಇರಲಿಲ್ಲ. ಹಾಗೇ ಗೆಲ್ಲುತ್ತ ಜಿಲ್ಲೆಯ ಕೊನೆಯ ಸುತ್ತಿಗೆ ಹೋದಳು. ಎದುರಾಳಿ ತಂಪುಬಡಾವಣೆಯ ಸಮರ್ಥ ನಾಡಗೌಡ. ಅವನು ಅವನ ಮನೆಯಿಂದ, ಇವಳು ನಮ್ಮ ಮನೆಯಿಂದ ಆಡಿದರು. ಕಸ್ತೂರಿಯ ಪೈಲ್ವಾನ ಕೈ ಎತ್ತುವಷ್ಟರಲ್ಲಿ ನೆಲಕ್ಕೆ ಬಿದ್ದಿರುತ್ತಿದ್ದ. ಪಂದ್ಯ ಮುಗಿದ ಮೇಲೆ ಮಂಡಳಿಯ ಅಧಿಕಾರಿ ಸಹದೇವ ಕುಲಗೋಡ ಎಲ್ಲರ ಪರದೆಯ ಮೇಲೆ ಬಂದು, ಸೋತವರು ಬೇಸರ ಮಾಡಿಕೊಳ್ಳಬಾರದು, ಓಣಿಯ ಕಡೆಯವರ ಕೈ ಹುಟ್ಟಾ ಸ್ವಲ್ಪ ನಿಧಾನ, ಅಭ್ಯಾಸ ಮಾಡಿದರೆ ಸರಿಹೋದೀತು ಎಂದ. ನಗುತ್ತಲೇ ಹೇಳಿದ. ಕಸ್ತೂರಿ ಪರದೆಯನ್ನು ಗೋಡೆಯ ಕಡೆ ತಿರುಗಿಸಿದಳು. ಎರಡು ಹೊತ್ತು ಊಟ ಮಾಡಲಿಲ್ಲ. ಮೂರನೆಯ ಹೊತ್ತಿಗೆ ರೊಟ್ಟಿ ಮುರಿಯುತ್ತ ನನಗೆ ಒಂದೇ ಮಾತು ಹೇಳಿದಳು.

"ಅಕ್ಕಾ, ಅವನ್ನ ನನ್ನ ಬಾಜೂಕ ಕುಂದರಿಸಿ ಆಡಬೇಕು. ಒಂದ ಯಂತ್ರದಾಗ."

ಒಂದೇ ಯಂತ್ರದಲ್ಲಿ ಇಬ್ಬರೂ ಆಡಿದರೆ ತಡೆಯ ಮಾತೇ ಇಲ್ಲ. ಆದರೆ ಯಂತ್ರ ಎಲ್ಲಿಂದ ತರುವುದು? ಊರಾಚೆ ಗುಜರಿಗುಡ್ಡ ಇದೆ. ನಿಮ್ಮ ಕಾಲದಿಂದ ಹಿಡಿದು ಕಾಯ್ದೆ ಬರುವ ತನಕ ಜನ ಎಸೆದ ಯಂತ್ರಗಳೆಲ್ಲ ಅಲ್ಲಿ ಗುಡ್ಡೆ ಬಿದ್ದಿವೆ. ಒಣಗಾಳಿಗೆ ಕೆಲವು ಇನ್ನೂ ಕೆಟ್ಟಿಲ್ಲ. ಗಾಳಿಕಂಬದ ರಿಪೇರಿಗೆಂದು ಅಲ್ಲಿಂದ ಬಿಡಿಭಾಗ ಆರಿಸಿ ಮಾರುವ ದಾವಲಬಿ ಚಾಚಿಯ ಬಳಿ ನಾನು ಹೋದೆ. ಚಾಚಿ ನನ್ನ ಮುಖವನ್ನೇ ನೋಡಿ, ಏನು ಕಟ್ಟಬೇಕೆಂದು ಕೇಳಲಿಲ್ಲ, ಏನು ಆಡಬೇಕೆಂದು ಕೇಳಿದಳು. ಆಟ ಯಾವುದು ಅನ್ನುವುದು ಗೊತ್ತಾಗದೆ ಭಾಗ ಆರಿಸಬಾರದಂತೆ. ನಿಮಗೂ ಯಾರಾದರೂ ಇದನ್ನೇ ಹೇಳಿದ್ದರೆ ಅವರ ಮಾತು ಕೇಳಿ.

ನಾನು ಕೇಳಲಿಲ್ಲ. ಮೊದಲ ದಿನವೇ ಮೊಣಕೈ ಉದ್ದದ, ಮೂರು ಫ್ಯಾನಿನ ಒಂದು ಗ್ರಾಫಿಕ್ಸ್ ಕಾರ್ಡ್‌ಗೆ ಮನಸೋತೆ. ಅಂಥ ವಸ್ತುವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಪೈಲ್ವಾನರ ಮೈಮೇಲಿನ ಬೆವರ ಹನಿಯನ್ನೂ ಅದು ತೋರಿಸುತ್ತದೆ ಎಂದು ಮನೆಗೆ ಬಂದು ಕಸ್ತೂರಿಗೆ ವರ್ಣಿಸಿದೆ. ಅವಳು ಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸಿ ನೋಡಿ, ಇದು ಎಷ್ಟು ಕರೆಂಟ್ ಕುಡಿಯುತ್ತದೆ, ಎಷ್ಟು ಬಿಸಿಯಾಗುತ್ತದೆ ಎಂದು ಕೇಳಿದಳು. ನಾನು ಮತ್ತೆ ಬೆವರ ಹನಿಯ ಮಾತನ್ನೇ ಎತ್ತಿದೆ.

"ಚಂದ ಯಾರಿಗೆ ಬೇಕಾಗೇತಿ? ನಾ ಒತ್ತಿದ ಕೂಡ್ಲೇ ಪಟ್ಟು ಬೀಳಬೇಕು. ಅಷ್ಟ."

ಅಲ್ಲಿಗೆ ದೊಡ್ಡ ಕಾರ್ಡ್ ವಾಪಸ್ ಹೋಯಿತು. ಒಂದೇ ಫ್ಯಾನಿನ ಸಣ್ಣ ಕಾರ್ಡ್ ತಂದೆವು. ಆ ಆಟಕ್ಕೆ ಅದು ಧಾರಾಳ ಸಾಕಾಗಿತ್ತು. ಅದರ ಬದಲು ಒಳ್ಳೆಯ ಮಾನಿಟರ್ ಹುಡುಕಿದೆವು, ಚಿತ್ರವನ್ನು ಬೇಗ ಬೇಗ ಬದಲಿಸುವಂಥದ್ದು. ಸಿಕ್ಕಿದ್ದರ ಒಂದು ಮೂಲೆ ಬಿರುಕು ಬಿಟ್ಟಿತ್ತು, ಆದರೆ ವೇಗದಲ್ಲಿ ಕೊರತೆ ಇರಲಿಲ್ಲ. ಪ್ರೊಸೆಸರ್ ಮೊದಲೇ ಸಿಕ್ಕಿತು, ಅದು ಕೂರುವ ಮದರ್‌ಬೋರ್ಡ್ ಸಿಗಲಿಲ್ಲ. ಹೆಣ್ಣು ನೋಡಿದ ಮೇಲೆ ಗಂಡಿನ ಮನೆ ಹುಡುಕಿದಂತೆ ಬೇಸಿಗೆಯೆಲ್ಲ ಗುಜರಿಗುಡ್ಡ ಅಲೆದೆ. ತಂದ ಮೊದಲ ಬೋರ್ಡ್ ನೋಡಲು ತಕ್ಕುದಾಗಿತ್ತು, ಕೂರಿಸಲು ಹೋದರೆ ಕೂರಲೊಲ್ಲದು. ಎರಡನೆಯದಕ್ಕೆ ಪ್ರೊಸೆಸರ್ ಕೂತಿತು, ನಾವು ತಂದಿದ್ದ ರ‍್ಯಾಮ್ ಹಿಡಿಸಲಿಲ್ಲ, ಅದರ ನಡುವಿನ ಕಚ್ಚು ಅರ್ಧ ಬೆರಳು ಆಚೆ. ಒಂದನ್ನು ನೋಡಿ ಇನ್ನೊಂದನ್ನು ಆರಿಸಬೇಕೇ ಹೊರತು ಒಂದೊಂದನ್ನೂ ಬೇರೆಬೇರೆಯಾಗಿ ಆರಿಸಬಾರದು ಎಂದು ಆಗ ತಿಳಿಯಿತು. ಕೊನೆಗೆ ಎರಡೂ ಹಿಡಿಸಿದ ಮೂರನೆಯ ಬೋರ್ಡಿನ ಬಾಗಿದ್ದ ಪಿನ್ನುಗಳನ್ನು ಕಸ್ತೂರಿ ಹೊಲಿಗೆಯ ಸೂಜಿಯಿಂದ ನೆಟ್ಟಗೆ ಮಾಡಿದಳು.

ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳಲಿಲ್ಲ, ಅದು ನನ್ನ ಕಸುಬು. ಮಿರಮಿರ ಮಿಂಚುವ ಒಂದರ ಮೇಲೆ ದೊಡ್ಡ ಅಂಕಿ ಬರೆದಿತ್ತು. ಕೈಯಲ್ಲಿ ಎತ್ತಿದರೆ ಹಗುರ, ಒಳಗೆ ತಾಮ್ರ ಕಡಿಮೆ. ಗಾಳಿಕಂಬದ ಕೆಳಗಿನ ಶೆಡ್ಡಿನಲ್ಲಿ ಅದರ ಮೇಲೆ ಭಾರ ಹಾಕಿ ನೋಡಿದೆ, ಸುಟ್ಟ ವಾಸನೆ ಬಂತು. ಬಣ್ಣ ಹೋದ, ತೂಕದ ಇನ್ನೊಂದನ್ನು ಆರಿಸಿ, ಒಳಗಿನ ಒಣಗಿದ ಕೆಪಾಸಿಟರ್‌ಗಳನ್ನು ಬದಲಿಸಿದೆ. ಯಂತ್ರದ ಉಳಿದ ಭಾಗಗಳಲ್ಲಿ ಕೈ ಬಿಗಿ ಹಿಡಿಯಿರಿ, ಇದೊಂದರಲ್ಲಿ ಬೇಡ. ಇದು ಸತ್ತರೆ ಒಂಟಿಯಾಗಿ ಸಾಯುವುದಿಲ್ಲ.

ಮೇಲಟ್ಟಕ್ಕೆ ಏರುವ ಮೊದಲಿನ ಗರಡಿಯ ಪ್ರತಿ ಒಂದು ಹಳೆಯ ಡಿಸ್ಕಿನಲ್ಲಿ ಚಾಚಿಗೇ ಸಿಕ್ಕಿತ್ತು. ಎಲ್ಲವನ್ನೂ ಒಂದು ತಗಡಿನ ಡಬ್ಬಿಯೊಳಗೆ ಜೋಡಿಸಿ ಸ್ವಿಚ್ ಹಾಕಿದೆವು. ಫ್ಯಾನ್ ತಿರುಗಿತು, ಮಾನಿಟರ್ ಕಪ್ಪಗೇ ಉಳಿಯಿತು. ನಾನು ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ಕೊನೆಗೆ ಅಳುವುದೊಂದು ಬಾಕಿ. ಕಸ್ತೂರಿ ಗಾಲಿಕುರ್ಚಿಯನ್ನು ಡಬ್ಬಿಯ ಹಿಂದಕ್ಕೆ ತಂದು ನೋಡಿದಳು. ಮಾನಿಟರಿನ ಕೇಬಲ್ಲನ್ನು ನಾನು ಕಾರ್ಡಿಗೆ ಚುಚ್ಚದೆ ಬೋರ್ಡಿಗೆ ಚುಚ್ಚಿದ್ದೆ. ಅವಳು ಬಿದ್ದ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಮ್ಮ ಯಂತ್ರದಲ್ಲಿ ಆಡಲು ಬಾ ಎಂದು ಕಸ್ತೂರಿ ಸಮರ್ಥನಿಗೆ ಹೇಳಿಕಳಿಸಿದ್ದನ್ನು ಓಣಿಯ ಹಿರಿಯರು ಒಪ್ಪಲಿಲ್ಲ. ಅವನು ನೇರ ಮಂಡಳಿಗೆ ಹೋಗಿ ಹೇಳುತ್ತಾನೆ, ಮನೆಮಂದಿಯೆಲ್ಲ ಜೈಲು ಎಂದರು. ಅವನು ಒಂದು ಸಂಜೆ ಒಬ್ಬನೇ, ತಲೆಗೆ ಬಟ್ಟೆ ಸುತ್ತಿಕೊಂಡು ನಡೆದುಕೊಂಡೇ ಬಂದ. ಇಪ್ಪತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಯಾಕೆ ಬಂದಿರಿ ಎಂದು ನಾನೇ ಕೇಳಿದೆ.

"ನಾ ಗೆದ್ದೀನೋ, ತಂತಿ ಗೆದ್ದೈತೋ, ನನಗೂ ಗೊತ್ತಾಗಬೇಕ್ರಿ," ಅಂದ.

ಓಣಿಯ ಕೂಡುಕಟ್ಟೆಯ ತಗಡಿನ ಸೂರಿನ ಕೆಳಗೆ ಯಂತ್ರ ತಂದಿಟ್ಟೆವು. ಗುಟ್ಟಾಗಿ ಮನೆಯೊಳಗೆ ಆಡಬಹುದಿತ್ತು. ಕಸ್ತೂರಿ ಒಪ್ಪಲಿಲ್ಲ, ಎಲ್ಲರೆದುರು ಸೋತವಳು ಎಲ್ಲರೆದುರೇ ಆಡುತ್ತೇನೆ ಎಂದಳು. ಮೊದಲ ಕುಸ್ತಿಯಲ್ಲಿ ಸಮರ್ಥ ಅವಳನ್ನು ನಿಂತ ನಿಲುವಿನಲ್ಲೇ ಚಿತ್ ಮಾಡಿದ. ಕುಲಗೋಡನ ಮಾತೇ ನಿಜವೇನೋ ಎಂದುಕೊಂಡೆ. ಕಸ್ತೂರಿ ತನ್ನ ಬೆರಳುಗಳನ್ನೇ ನೋಡುತ್ತ ಕೂತಿದ್ದಳು. ವರ್ಷಗಟ್ಟಲೆ ತಡೆಯೊಂದಿಗೆ ಆಡಿ ಆಡಿ, ಎದುರಾಳಿ ಏನು ಮಾಡಿಯಾನು ಎಂದು ಊಹಿಸಿ ಮೊದಲೇ ಒತ್ತುವುದನ್ನು ಅವಳ ಕೈ ಕಲಿತುಬಿಟ್ಟಿತ್ತು. ಇಲ್ಲಿ ತಡೆ ಇಲ್ಲ, ಅವಳ ಪಟ್ಟುಗಳೆಲ್ಲ ಹೊತ್ತಿಗೆ ಮುಂಚೆ ಬೀಳುತ್ತಿದ್ದವು. ಅವಳ ಕೈ ನಿಧಾನವಾಗಿರಲಿಲ್ಲ, ಅತಿ ಅವಸರದ್ದಾಗಿತ್ತು. ಅವಳು ಕಣ್ಣು ಮುಚ್ಚಿ, ಭುಜ ಸಡಿಲ ಬಿಟ್ಟು, ಇನ್ನೊಂದು ಎಂದಳು. ಎರಡನೆಯ ಕುಸ್ತಿಯಲ್ಲಿ ಕಾದಳು. ಅವನು ಕೈ ಚಾಚುವ ತನಕ ಕಾದಳು. ಗೆದ್ದಳು.

ಮೂರನೆಯದು ನಡುವಿಗೆ ಬಂದಾಗ ಕುಲಗೋಡ ನಾಲ್ವರು ಜವಾನರೊಂದಿಗೆ ಬಂದ. ಯಂತ್ರ ನಿಲ್ಲಿಸಲು ಹೇಳಿದ. ಕಸ್ತೂರಿ ತಲೆ ಎತ್ತಲಿಲ್ಲ.

"ಈ ಕುಸ್ತಿ ಮುಗೀಲಿ ಸಾಹೇಬ್ರ. ಆಮ್ಯಾಲೆ ಮಾತಾಡೂಣು."

ಜವಾನರು ಮುಂದೆ ಬಂದರು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಯಂತ್ರಕ್ಕೂ ಅವರಿಗೂ ನಡುವೆ ನಿಂತರು. ಯಾರೂ ಬೈಯಲಿಲ್ಲ, ಯಾರೂ ಕೈ ಎತ್ತಲಿಲ್ಲ, ಸುಮ್ಮನೆ ನಿಂತರು. ಅವರ ಬೆನ್ನ ಹಿಂದೆ ಕಸ್ತೂರಿ ಸಮರ್ಥನ ಪೈಲ್ವಾನನನ್ನು ಸೊಂಟದ ಮೇಲೆ ಎತ್ತಿ ಕೆಡವಿದಳು. ಸಮರ್ಥ ಎದ್ದು, ಜಿಲ್ಲೆಯ ಗೆಲುವಿಗೆ ತನಗೆ ಕೊಟ್ಟಿದ್ದ ಬೆಳ್ಳಿಕಡಗ ಬಿಚ್ಚಿ ಅವಳ ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ. ಮತ್ತೆ ಬನ್ನಿ, ಮತ್ತೆ ಆಡೋಣ, ಅಷ್ಟು ಸಾಕು ಎಂದಳು.

ಈ ಹೊತ್ತಿಗೆ ನಾನು ಸ್ವಿಚ್ ತೆಗೆದು, ಡಬ್ಬಿಯ ಪಕ್ಕದಲ್ಲಿ ಕೂತು ಸ್ಕ್ರೂ ಬಿಚ್ಚುತ್ತಿದ್ದೆ. ಕಾರ್ಡ್ ತೆಗೆದು ಎದುರುಮನೆಯ ಅಜ್ಜಿಯ ಮಡಿಲಿಗೆ ಹಾಕಿದೆ. ರ‍್ಯಾಮ್ ಇಬ್ಬರಿಗೆ ಒಂದೊಂದು. ಪ್ರೊಸೆಸರ್ ಕಸ್ತೂರಿಗೆ, ಪವರ್ ಸಪ್ಲೈ, ಡಿಸ್ಕು ಪಕ್ಕದಲ್ಲಿದ್ದವರಿಗೆ. ಮದರ್‌ಬೋರ್ಡ್ ಕೊಡಲು ಸುತ್ತ ನೋಡಿದರೆ ಎಲ್ಲರಿಗಿಂತ ಮುಂದೆ ಚಾಚಿದ್ದ ಕೈ ಸಮರ್ಥನದು. ಕೊಟ್ಟೆ. ಕುಲಗೋಡ ಕಾಯ್ದೆಯ ಸಾಲನ್ನು ಗಟ್ಟಿಯಾಗಿ ಓದಿ, ಪೂರ್ಣಯಂತ್ರವನ್ನು ವಶಪಡಿಸಿಕೊಳ್ಳುತ್ತೇನೆ ಎಂದ. ನಾನು ಖಾಲಿ ಡಬ್ಬಿಯನ್ನು ಅವನ ಕಡೆ ತಿರುಗಿಸಿದೆ.

"ಎಲ್ಲೈತ್ರಿ ಯಂತ್ರ? ಇವೆಲ್ಲಾ ಕಂಬದ ರಿಪೇರಿ ಸಾಮಾನು."

ಬಿಡಿಭಾಗ ಇಟ್ಟುಕೊಳ್ಳಬಾರದೆಂದು ಕಾಯ್ದೆ ಹೇಳುವುದಿಲ್ಲ. ಹೇಳಿದರೆ ಕಂಬಗಳು ನಿಲ್ಲುತ್ತವೆ, ಮೇಲಟ್ಟವೇ ಕತ್ತಲಾಗುತ್ತದೆ. ಅವನು ತಗಡಿನ ಡಬ್ಬಿಯನ್ನು ಹೊತ್ತುಕೊಂಡು ಹೋದ.

ಅದಕ್ಕೆ ಬೆಲೆ ತೆತ್ತೆವು. ಓಣಿಯ ಪರದೆಗಳ ತಂತಿ ಕಡಿದರು, ಇನ್ನೂ ಜೋಡಿಸಿಲ್ಲ. ಕಸ್ತೂರಿಯನ್ನು ಎಲ್ಲ ಪಂದ್ಯಗಳಿಂದ ಹೊರಹಾಕಿದರು. ಮೊದಲ ತಿಂಗಳುಗಳಲ್ಲಿ ಜನ ನಮ್ಮನ್ನು ಶಪಿಸಿದ್ದೂ ಉಂಟು. ಆಮೇಲೆ ಪರದೆಯಿಲ್ಲದೆ ಬೇಸತ್ತವರು ಗುಜರಿಗುಡ್ಡದ ದಾರಿ ಕೇಳಿಕೊಂಡು ಬಂದರು. ಇಂದು ಓಣಿಯಲ್ಲಿ ಒಂದು ಯಂತ್ರವೂ ಇಲ್ಲ, ಭಾಗವಿಲ್ಲದ ಮನೆಯೂ ಇಲ್ಲ. ಸಂಜೆಯಾದರೆ ಯಾರದೋ ಪಡಸಾಲೆಯಲ್ಲಿ ನೆರೆಹೊರೆಯವರು ಸೆರಗಿನಲ್ಲಿ, ಜೇಬಿನಲ್ಲಿ ತಂದದ್ದೆಲ್ಲ ಸೇರಿ ಯಂತ್ರವಾಗುತ್ತದೆ, ಆಟ ಮುಗಿದ ಮೇಲೆ ಮತ್ತೆ ಸಾಮಾನಾಗುತ್ತದೆ. ಸಮರ್ಥ ಮದರ್‌ಬೋರ್ಡ್ ಹಿಡಿದು ವಾರಕ್ಕೊಮ್ಮೆ ಬರುತ್ತಾನೆ. ಕೆಲವೊಮ್ಮೆ ಗೆಲ್ಲುತ್ತಾನೆ.

ಹಿರಿಯರೇ, ನಿಮ್ಮ ಯಂತ್ರಗಳನ್ನು ನಿಮ್ಮಿಂದ ಯಾರೂ ಕಿತ್ತುಕೊಳ್ಳಲಿಲ್ಲ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಆರಿಸುವುದು ತಲೆನೋವು, ಬಿಚ್ಚುವುದು ತಲೆನೋವು, ಬಾಡಿಗೆಗೆ ಸಿಗುತ್ತದಲ್ಲ ಎಂದು ನೀವೇ ಒಂದೊಂದಾಗಿ ಬಿಟ್ಟುಕೊಟ್ಟಿರಂತೆ. ನಿಜವೋ ಸುಳ್ಳೋ ನಿಮಗೇ ಗೊತ್ತು. ನನ್ನ ಕೋರಿಕೆ ಸಣ್ಣದು. ಅಂಗಡಿಯವನು ಮೊಹರು ಹಾಕಿದ ಡಬ್ಬಿ ತೋರಿಸಿ ಇದನ್ನು ಬಿಚ್ಚುವಂತಿಲ್ಲ ಎಂದರೆ ಅದನ್ನು ಅವನಿಗೇ ಬಿಟ್ಟು ಬನ್ನಿ. ಬಿಚ್ಚಲು ಬರುವುದನ್ನು ಕೊಳ್ಳಿ. ಬಿಚ್ಚುವುದನ್ನು ಮನೆಯಲ್ಲಿ ಇನ್ನೊಬ್ಬರಿಗೆ ಕಲಿಸಿ.

ಮೊನ್ನೆ ಮಂಡಳಿಯಿಂದ ಹೊಸ ಆಜ್ಞೆ ಬಂದಿದೆ. ಮನೆಮನೆಯ ಸ್ಕ್ರೂಡ್ರೈವರ್‌ಗಳನ್ನು ಕಚೇರಿಗೆ ತಂದು ಹೆಸರು ನೋಂದಾಯಿಸಬೇಕಂತೆ, ಇವತ್ತೇ ಕಡೆಯ ದಿನ. ನಾನು ಬೆಳಗ್ಗೆಯಿಂದ ಕಟ್ಟೆಯ ಮೇಲೆ ಕೂತು ಈ ಕಾಗದ ಬರೆಯುತ್ತ ಓಣಿಯ ಬಾಯಿಯನ್ನೇ ನೋಡುತ್ತಿದ್ದೇನೆ. ಈ ತನಕ ಒಬ್ಬರೂ ಸ್ಕ್ರೂಡ್ರೈವರ್ ಹಿಡಿದು ಕಚೇರಿಯ ಕಡೆ ಹೋಗಿಲ್ಲ.

ಇಂತು ನಿಮ್ಮ ಮುಂದಿನವಳು,
ಮಂದಾಕಿನಿ