ಗಾಜುಮನೆಯ ಎಚ್ಚರಿಕೆ ಫಲಕ

ಸೌಭಾಗ್ಯವತಿ ಸೊಸೆಗೆ, ಈ ಪರಗ್ರಹದ ಗಾಜುಮನೆಯಿಂದ ಮಾವನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಲ್ಲಿನ ನೀಲಿ ಬಳ್ಳಿಯು ನೀರು ಸೋಕಿದ ಮರುದಿನವೇ ಮೊಳೆತು, ಬೆಚ್ಚಗಿನ ಮೈಯನ್ನು ಅರಸಿ ಸುತ್ತಿಕೊಳ್ಳುತ್ತದೆ. ಅದರ ಎಚ್ಚರಿಕೆ ಫಲಕವನ್ನು ಬರೆದವನು ನಾನೇ. ಹದಿನಾಲ್ಕು ಸಾಲು, ಒಂದೂ ಚಿತ್ತಿಲ್ಲ. ನಿನ್ನೆ ತೋಟಗಾರನು ಅದನ್ನು ಓದುತ್ತ ನಿಂತಿದ್ದಾಗಲೇ ಬಳ್ಳಿಯು ಅವನ ಬಲಗೈಯನ್ನು ಹಿಡಿಯಿತು. ಕೈ ಉಳಿಯಲಿಲ್ಲ.

“ಅಜ್ಜಾ, ‘ದೂರ ನಿಲ್ಲಿ’ ಅಂತ ಮೊದಲೇ ಬರೆದಿದ್ರೆ ಸಾಕಿತ್ತಲ್ಲ! ನಿಮ್ಮ ‘ತತ್ಸಂಬಂಧವಾಗಿ’ ದಾಟೋ ಹೊತ್ತಿಗೆ ಕೈಯೇ ಹೋಯ್ತು,” ಎಂದನು.

ನಾನು ಕ್ಷೇಮ, ಊಟ ಮಾತ್ರ ಸೇರುತ್ತಿಲ್ಲ. ಕಳೆದ ಕಾರ್ಡಿಗೆ ಅಂಟಿಸಿ ಮೊಮ್ಮಗಳಿಗೆ ಕಳುಹಿಸಿದ ನೀಲಿ ಮಣಿಯು ಅದೇ ಬಳ್ಳಿಯ ಬೀಜವೆಂದು ಇಂದು ತಿಳಿಯಿತು. ನೀರು ಸೋಕಿಸಬೇಡ. ಸುಟ್ಟುಬಿಡು. ಮಗುವನ್ನು ದೂರ ನಿಲ್ಲಿಸು.

ಇದನ್ನೇ ಮೊದಲ ಸಾಲಿನಲ್ಲಿ ಬರೆಯಬೇಕಿತ್ತು. ಬೇರೆ ಕಾರ್ಡಿಲ್ಲ, ಟಪಾಲು ಹೊರಟಿದೆ.

ಮಾವ